ಎಗ್ ಪಂಕ್, ಸಿಂತ್ ಪಂಕ್, ಗ್ಯಾರೇಜ್: ಹೊಸ ರಿಲೀಸ್‌ಗಳನ್ನು ಹುಡುಕೋದು ಹೇಗೆ

ಎಗ್ ಪಂಕ್, ಸಿಂತ್ ಪಂಕ್, ಗ್ಯಾರೇಜ್, ಈ ಮೂರು ಥರದ ರಾಕ್ ಸಂಗೀತ ನಿಮ್ಮ ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ತಾನಾಗಿ ಎದುರಿಗೆ ಬರುವುದು ತೀರಾ ಕಡಿಮೆ. ಯಾರೋ ಇಬ್ಬರು ಮಲಗುವ ಕೋಣೆಯಲ್ಲಿ ಕೂತು ಆರು ಹಾಡು ರೆಕಾರ್ಡ್ ಮಾಡುತ್ತಾರೆ, ಎಲ್ಲಾ ಸೇರಿಸಿದರೂ ಹತ್ತು ನಿಮಿಷ ದಾಟುವುದಿಲ್ಲ, ಐವತ್ತೋ ನೂರೋ ಕ್ಯಾಸೆಟ್ ಮಾಡಿಸಿ, ಬ್ಯಾಂಡಿನವರೇ ತಮ್ಮ ಹಾಡು ಮಾರುವ ವೆಬ್‌ಸೈಟ್ ಆದ ಬ್ಯಾಂಡ್‌ಕ್ಯಾಂಪ್‌ಗೆ ಹಾಕಿ ಸುಮ್ಮನಾಗುತ್ತಾರೆ. ಪ್ರಚಾರ ಗಿಚಾರ ಏನೂ ಇರೋದಿಲ್ಲ. ನಿಮಗೆ ಗೊತ್ತಾಗುವ ಹೊತ್ತಿಗೆ ಕ್ಯಾಸೆಟ್ ಖಾಲಿ. ಇನ್ನಷ್ಟು ತಡ ಮಾಡಿದರೆ ಬ್ಯಾಂಡೇ ಇರೋದಿಲ್ಲ, ಅದೇ ಜನ ಇನ್ನೊಂದು ಹೆಸರಿನಲ್ಲಿ ಇನ್ನೊಂದು ಕ್ಯಾಸೆಟ್ ತಂದಿರುತ್ತಾರೆ. ಹಾಗಾಗಿ ಇಲ್ಲಿ ಹುಡುಕುವ ರೀತಿಯೇ ಬೇರೆ. ಹಾಡಿನ ಬೆನ್ನು ಹತ್ತಬೇಡಿ, ಹಾಡು ಮಾಡಿದವರ ಬೆನ್ನು ಹತ್ತಿ. ನಾನು ಹೇಳಬೇಕು ಅಂತಿರೋದು ಮುಖ್ಯವಾಗಿ ಇಷ್ಟೇ, ಉಳಿದದ್ದೆಲ್ಲ ಅದನ್ನು ಮಾಡುವುದು ಹೇಗೆ ಅನ್ನುವ ವಿವರ.

ಮೊದಲು ಕಿವಿ ಸ್ವಲ್ಪ ಪಳಗಬೇಕು. ಮೂರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರಾದರೂ ಮೂರರ ಬೇರು ಬೇರೆ ಬೇರೆ. ಗ್ಯಾರೇಜ್ ಅಂದರೆ 1960ರ ದಶಕದ ಅಮೆರಿಕದ ಹುಡುಗರ ಒರಟು ರಾಕ್. ಅವರ ಮರೆತುಹೋದ ಹಾಡುಗಳನ್ನು ಒಟ್ಟು ಹಾಕಿ 1972ರಲ್ಲಿ ನಗೆಟ್ಸ್ ಎಂಬ ಸಂಕಲನ ಬಂತು, ಅಲ್ಲಿಂದ ಮುಂದಿನವರೆಲ್ಲ ಅದನ್ನು ಕೇಳಿಯೇ ಬೆಳೆದರು. ಸಿಂತ್ ಪಂಕ್, ಅಂದರೆ ಸಿಂಥಸೈಜರ್ ಯಂತ್ರಗಳಲ್ಲಿ ನುಡಿಸುವ ಪಂಕ್ (ವೇಗದ, ಒರಟು ರಾಕ್), ಹುಟ್ಟಿದ್ದು 1970ರ ದಶಕದ ಕೊನೆಗೆ. ನ್ಯೂಯಾರ್ಕಿನ ಸೂಯಿಸೈಡ್ ಬ್ಯಾಂಡ್ ಅಂದರೆ ಇಬ್ಬರೇ ಜನ, ಒಬ್ಬರದು ಕಂಠ, ಇನ್ನೊಬ್ಬರದು ಯಂತ್ರಗಳು, ಮೊದಲ ಆಲ್ಬಮ್ 1977ರಲ್ಲಿ. ಲಾಸ್ ಏಂಜಲೀಸಿನ ಸ್ಕ್ರೀಮರ್ಸ್ ಗಿಟಾರನ್ನೇ ಬಿಟ್ಟು ಕೀಬೋರ್ಡುಗಳಲ್ಲೇ ಪಂಕ್ ನುಡಿಸಿದರು, ಆದರೆ ಬ್ಯಾಂಡ್ ಇದ್ದಷ್ಟು ದಿನ ಒಂದೇ ಒಂದು ರೆಕಾರ್ಡ್ ಕೂಡ ತರಲಿಲ್ಲ. ಎಗ್ ಪಂಕ್ ಇವೆಲ್ಲಕ್ಕಿಂತ ಕಿರಿಯದು. ಒಹಾಯೋದ ಆ್ಯಕ್ರನ್ ಊರಿನ ಡೀವೋ ಬ್ಯಾಂಡ್ ಇದಕ್ಕೆ ದೊಡ್ಡಜ್ಜ ಅನ್ನಬಹುದು. 2010ರ ದಶಕದ ನಡುವೆ ಇಂಡಿಯಾನಾದ ವಾಯವ್ಯ ಮೂಲೆಯಿಂದ ಬಂದ ಕೋನ್‌ಹೆಡ್ಸ್ ಅದಕ್ಕೆ ಈಗಿನ ರೂಪ ಕೊಟ್ಟರು. ಹೆಸರು ಅಂಟಿಕೊಂಡಿದ್ದು ಆಮೇಲೆ, ಒಂದು ಮೀಮ್‌ನಿಂದ. ಚರ್ಮದ ಜಾಕೆಟ್, ಸರಪಳಿ ಹಾಕಿಕೊಂಡವರು ಚೈನ್ ಪಂಕ್, ಚೇಷ್ಟೆಯ ಕೀಚಲು ಸದ್ದಿನವರು ಎಗ್ ಪಂಕ್.

ಆ ಕೀಚಲು ಸದ್ದು ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಂಡರೆ ಹೊಸ ರಿಲೀಸ್ ಗುರುತಿಸುವುದು ಸಲೀಸು. ಟ್ಯಾಸ್ಕ್ಯಾಮ್ ಕಂಪನಿ 1979ರಲ್ಲಿ ಪೋರ್ಟಾಸ್ಟುಡಿಯೋ ತಂದಿತು. ಮಾಮೂಲಿ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ರೆಕಾರ್ಡ್ ಮಾಡುವ ಪೆಟ್ಟಿಗೆ ಅದು. ಅದರಲ್ಲಿ ಪಿಚ್ ಅಂತ ಒಂದು ತಿರುಗುಗುಂಡಿ ಇರುತ್ತದೆ. ಟೇಪನ್ನು ನಿಧಾನಕ್ಕೆ ಓಡಿಸಿ ರೆಕಾರ್ಡ್ ಮಾಡಿ, ಆಮೇಲೆ ವೇಗವಾಗಿ ಓಡಿಸಿದರೆ ಹಾಡು ಚುರುಕಾಗುತ್ತದೆ, ಕಂಠವೂ ಮೇಲೇರಿ ಕಾರ್ಟೂನಿನ ಪಾತ್ರದ ಹಾಗೆ ಕೇಳುತ್ತದೆ. ಗಿಟಾರನ್ನು ಆಂಪ್ (ಆಂಪ್ಲಿಫೈಯರ್) ಇಲ್ಲದೆ ನೇರವಾಗಿ ರೆಕಾರ್ಡರಿಗೆ ಸಿಕ್ಕಿಸುತ್ತಾರೆ, ಅದಕ್ಕೇ ತಂತಿ ಟಣ್ ಟಣ್ ಅಂತ ಒಣಗಿದ ಸದ್ದು ಮಾಡುತ್ತದೆ. ಡ್ರಮ್ಮಿನ ಜಾಗದಲ್ಲಿ ಎಷ್ಟೋ ಸಲ ಅಗ್ಗದ ಡ್ರಮ್ ಮಷಿನ್. ಒಂದು ಕೆಲಸ ಮಾಡಿ, ಬಾರ್ಸಿಲೋನಾದ ಪ್ರಿಸನ್ ಅಫೇರ್ ಬ್ಯಾಂಡಿನ ಯಾವುದಾದರೂ ರಿಲೀಸ್ ಹಾಕಿ, ಬರೀ ಬೇಸ್ (ತಗ್ಗು ಸ್ವರದ ಗಿಟಾರ್) ಮಾತ್ರ ಹಿಂಬಾಲಿಸಿ. ರಾಗವನ್ನು ಹೊತ್ತು ಓಡುತ್ತಿರುವುದು ಗಿಟಾರಷ್ಟೇ ಅಲ್ಲ, ಬೇಸ್ ಕೂಡ ಅಂತ ತಕ್ಷಣ ಗೊತ್ತಾಗುತ್ತದೆ. ಇದು ಒಂದು ಸಲ ಕಿವಿಗೆ ಬಿದ್ದರೆ ಮುಂದೆ ಒಳ್ಳೆಯ ಎಗ್ ಪಂಕ್ ಯಾವುದು, ಬರೀ ಸ್ಪೀಡ್ ಜಾಸ್ತಿ ಮಾಡಿ ಬಿಟ್ಟಿದ್ದು ಯಾವುದು ಅಂತ ನೀವೇ ಹೇಳುತ್ತೀರಿ.

ಈಗ ಹುಡುಕುವ ಕೆಲಸ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಎಗ್ ಪಂಕ್, ಸಿಂತ್ ಪಂಕ್, ಗ್ಯಾರೇಜ್ ಪಂಕ್ ಟ್ಯಾಗ್‌ಗಳನ್ನು ತೆರೆದು ಹೊಸದು ಮೊದಲು ಬರುವ ಹಾಗೆ ಜೋಡಿಸಿ. ಹೆಚ್ಚು ಮಾರಾಟವಾದದ್ದನ್ನು ಮೊದಲು ತೋರಿಸು ಅಂದರೆ ಹಳೆಯ, ಎಲ್ಲರಿಗೂ ಗೊತ್ತಿರುವ ಬ್ಯಾಂಡುಗಳೇ ಮತ್ತೆ ಮತ್ತೆ ಸಿಗುತ್ತವೆ. ಒಂದು ಎಚ್ಚರ, ಟ್ಯಾಗ್ ಹಾಕುವುದು ಬ್ಯಾಂಡಿನವರೇ, ಯಾರು ಏನು ಬೇಕಾದರೂ ಹಾಕಬಹುದು. ಟ್ಯಾಗ್ ಬಾಗಿಲು ಮಾತ್ರ. ನಿಜವಾದ ದಾರಿ ಇರುವುದು ಒಂದೊಂದು ರಿಲೀಸಿನ ಪುಟದೊಳಗೆ.

ಆ ಪುಟವನ್ನು ಪೂರ್ತಿ ಓದುವ ಅಭ್ಯಾಸ ಮಾಡಿಕೊಳ್ಳಿ. ಆಲ್ಬಮ್ ಚಿತ್ರದ ಕೆಳಗೆ ಅದನ್ನು ದುಡ್ಡು ಕೊಟ್ಟು ಕೊಂಡವರ ಪುಟ್ಟ ಪುಟ್ಟ ಚಿತ್ರಗಳ ಸಾಲು ಇರುತ್ತದೆ. ಒಂದನ್ನು ಒತ್ತಿ, ಅವರು ಕೊಂಡಿದ್ದೆಲ್ಲ ಕಾಣುತ್ತದೆ. ನಿಮಗೆ ಇಷ್ಟವಾದ ನಾಲ್ಕೈದು ರಿಲೀಸ್ ಅವರ ಬಳಿಯೂ ಇದ್ದರೆ ಅವರನ್ನು ಫಾಲೋ ಮಾಡಿ, ಅಷ್ಟೇ. ಯಾವ ಆಲ್ಗಾರಿದಮ್ಮೂ ಕೊಡದಂಥ ಸಲಹೆ ಇವರ ಪಟ್ಟಿಯಲ್ಲಿ ಸಿಗುತ್ತದೆ, ಯಾಕಂದರೆ ಇವರು ಕೈಯಿಂದ ದುಡ್ಡು ಹಾಕಿ ಆರಿಸಿದ್ದಾರೆ. ಆಮೇಲೆ ಪುಟದ ತಳಕ್ಕೆ ಹೋಗಿ ಹೆಸರುಗಳನ್ನು ಓದಿ. ಯಾರು ನುಡಿಸಿದ್ದು, ಯಾರು ರೆಕಾರ್ಡ್ ಮಾಡಿದ್ದು, ಯಾರು ಮಾಸ್ಟರ್ ಮಾಡಿದ್ದು (ಕೊನೆಗೆ ಸದ್ದನ್ನು ಹದ ಮಾಡಿದ್ದು), ಚಿತ್ರ ಯಾರದ್ದು, ಲೇಬಲ್ (ಹೊರತಂದ ಸಂಸ್ಥೆ) ಯಾವುದು. ಇಲ್ಲಿ ಒಂದು ಹೆಸರು ಸಿಕ್ಕರೆ ಹತ್ತು ಬ್ಯಾಂಡ್ ಸಿಕ್ಕ ಹಾಗೆ.

ಸಿಡ್ನಿಯದೇ ಒಂದು ಎಳೆ ಹಿಡಿಯೋಣ. ಅಲ್ಲಿನ ಜೀ ಟೀ ಬ್ಯಾಂಡ್ ಇಷ್ಟವಾಯಿತು ಅಂದುಕೊಳ್ಳಿ. ಅದರಲ್ಲಿ ನುಡಿಸುವವರ ಹೆಸರು ಹಿಡಿದು ಹೊರಟರೆ ಸಟಾನಿಕ್ ಟೋಗಾಸ್ ಸಿಗುತ್ತದೆ, ಅಲ್ಲಿಂದ ರಿಸರ್ಚ್ ರಿಯಾಕ್ಟರ್ ಕಾರ್ಪ್, ಅಲ್ಲಿಂದ ಸೆಟ್-ಟಾಪ್ ಬಾಕ್ಸ್. ಅದೇ ಬಳಗ, ಬೇರೆ ಬೇರೆ ವೇಷ. ಇವರ ಕ್ಯಾಸೆಟ್‌ಗಳ ಮೇಲೆ ವಾರ್ಟ್‌ಮನ್ ಇಂಕ್ ಅನ್ನುವ ಲೇಬಲ್ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಆ ಲೇಬಲ್ಲಿನ ಪುಟ ತೆರೆದರೆ ಒಂದು ಇಡೀ ಸಂಜೆಗೆ ಸಾಕಾಗುವಷ್ಟು ಸಂಗೀತ ಇದೆ. ಇಂಡಿಯಾನಾದಲ್ಲೂ ಹಾಗೇ, ಕೋನ್‌ಹೆಡ್ಸ್, ಸಿಸಿಟಿವಿ, ಲಿಕ್ವಿಡ್ಸ್ ಈ ಮೂರನ್ನೂ ರೆಕಾರ್ಡುಗಳ ವಿವರ ಸಿಗುವ ವೆಬ್‌ಸೈಟ್ ಆದ ಡಿಸ್ಕಾಗ್ಸ್‌ನಲ್ಲಿ ಹಾಕಿ ನೋಡಿ, ಒಂದೇ ಹೆಸರುಗಳು ಅತ್ತಿಂದಿತ್ತ ಓಡಾಡುತ್ತಿರುತ್ತವೆ. ಡಿಸ್ಕಾಗ್ಸನ್ನು ರೆಕಾರ್ಡಿನ ರೇಟು ನೋಡಲು ಮಾತ್ರ ಬಳಸುವವರೇ ಜಾಸ್ತಿ. ಅದರ ನಿಜವಾದ ಉಪಯೋಗ ಇದು.

ಲೇಬಲ್‌ಗಳನ್ನು ಫಾಲೋ ಮಾಡುವುದು ಇದರ ಮುಂದಿನ ಹೆಜ್ಜೆ. ಆಸ್ಟ್ರೇಲಿಯಾದ ಆಂಟಿ ಫೇಡ್, ಜರ್ಮನಿಯ ಎರ್ಸ್ಟೆ ಥೆಕೆ ಟೋನ್‌ಟ್ರೇಗರ್, ಇಟಲಿಯ ಗುಡ್‌ಬೈ ಬೂಜಿ, ಲಂಡನ್ನಿನ ಸ್ಟ್ಯಾಟಿಕ್ ಶಾಕ್, ಅಮೆರಿಕದ ಫೀಲ್ ಇಟ್ ಮತ್ತು ಟೋಟಲ್ ಪಂಕ್, ಇಷ್ಟು ಸಾಕು ಶುರು ಮಾಡಲು. ಮೆಂಫಿಸ್‌ನ ಗೋನರ್ ಗ್ಯಾರೇಜ್ ಕಡೆ ವಾಲುವವರಿಗೆ, ಅದು ಲೇಬಲ್ಲೂ ಹೌದು ಅಂಗಡಿಯೂ ಹೌದು. ರಾಲಿ ಊರಿನ ಸಾರಿ ಸ್ಟೇಟ್ ಕೂಡ ಹಾಗೇ. ಅವರು ಕಳಿಸುವ ಇಮೇಲ್ ಸುದ್ದಿಪತ್ರಕ್ಕೆ ಹೆಸರು ಕೊಡಿ, ಅಂಗಡಿಯಲ್ಲಿ ಕೆಲಸ ಮಾಡುವವರೇ ಕೂತು ಕೇಳಿ ಮನಸಾರೆ ಬರೆಯುತ್ತಾರೆ. ವಿಮರ್ಶೆ ಬೇಕೆಂದರೆ ಮ್ಯಾಕ್ಸಿಮಮ್ ರಾಕ್‌ಎನ್‌ರೋಲ್ ಇದೆ. 1982ರಲ್ಲಿ ಪತ್ರಿಕೆಯಾಗಿ ಶುರುವಾಗಿ 2019ರಲ್ಲಿ ಅಚ್ಚು ನಿಲ್ಲಿಸಿದರು, ಆದರೆ ನೆಟ್‌ನಲ್ಲಿ ಡೆಮೊ ಕ್ಯಾಸೆಟ್‌ಗಳನ್ನೂ ಬಿಡದೆ ವಿಮರ್ಶೆ ಮಾಡುತ್ತಾರೆ.

ದೊಡ್ಡ ಲೇಬಲ್ ಎತ್ತಿಕೊಳ್ಳುವವರೆಗೆ ಕಾಯಬೇಡಿ. ನ್ಯಾಶ್‌ವಿಲ್‌ನ ಸ್ನೂಪರ್ 2023ರಲ್ಲಿ ಥರ್ಡ್ ಮ್ಯಾನ್ ಎಂಬ ದೊಡ್ಡ ಲೇಬಲ್‌ನಿಂದ ಆಲ್ಬಮ್ ತರುವ ಮೊದಲೇ ಮನೆಯಲ್ಲಿ ರೆಕಾರ್ಡ್ ಮಾಡಿದ ಪುಟ್ಟ ರಿಲೀಸ್‌ಗಳನ್ನು ತಂದಿದ್ದರು. ಡೆಮೊ ಕ್ಯಾಸೆಟ್, ಆಮೇಲೆ ಏಳಿಂಚಿನ ರೆಕಾರ್ಡ್, ಆಮೇಲೆ ಎಲ್‌ಪಿ (ಪೂರ್ತಿ ಆಲ್ಬಮ್), ಸಾಮಾನ್ಯವಾಗಿ ಇದೇ ಕ್ರಮ. ನನ್ನನ್ನು ಕೇಳಿದರೆ ಈ ಸಂಗೀತದ ಜೀವ ಇರುವುದು ಮೊದಲ ಎರಡರಲ್ಲೇ.

ಕೇಳುವಾಗ ಎರಡು ಸಲ ಕೇಳಿ. ಮೊದಲ ಸಲಕ್ಕೆ ಎಲ್ಲಾ ಒಂದೇ ಥರ ಅನ್ನಿಸುತ್ತದೆ, ಅಲ್ವಾ? ಹಾಡು ಒಂದೂವರೆ ನಿಮಿಷ, ಕಿವಿ ಹೊಂದಿಕೊಳ್ಳುವಷ್ಟರಲ್ಲಿ ಮುಗಿದಿರುತ್ತದೆ. ಎರಡನೇ ಸಲಕ್ಕೆ ರಾಗ ಮೇಲೆ ಬರುತ್ತದೆ. ಇಯರ್‌ಫೋನಿಗಿಂತ ಸ್ಪೀಕರ್ ವಾಸಿ, ಮೇಲಿನ ಸ್ವರಗಳು ತುಂಬಾ ಚೂಪಾಗಿರುವುದರಿಂದ ಕಿವಿ ಬೇಗ ದಣಿಯುತ್ತದೆ.

ಇನ್ನು ದುಡ್ಡಿನ ವಿಷಯ. ಎಷ್ಟೋ ರಿಲೀಸ್‌ಗಳಿಗೆ ಬೆಲೆ ನೀವೇ ಹಾಕಬಹುದು, ಸೊನ್ನೆ ಹಾಕಿದರೂ ಡೌನ್‌ಲೋಡ್ ಆಗುತ್ತದೆ. ಇಷ್ಟವಾಗಿದ್ದರೆ ಸೊನ್ನೆ ಹಾಕಬೇಡಿ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇ. 15, ಕ್ಯಾಸೆಟ್ ರೆಕಾರ್ಡುಗಳಲ್ಲಿ ಶೇ. 10 ಇಟ್ಟುಕೊಳ್ಳುತ್ತದೆ. 2020ರ ಮಾರ್ಚಿನಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನ ಆ ಪಾಲನ್ನು ಬಿಟ್ಟುಕೊಡುತ್ತದೆ. ಪ್ರತಿ ತಿಂಗಳೂ ಇರುವುದಿಲ್ಲ, ತಾರೀಖು ನೋಡಿಕೊಂಡು ವಿಶ್‌ಲಿಸ್ಟಿನಲ್ಲಿ ಇಟ್ಟಿದ್ದನ್ನು ಅವತ್ತು ಕೊಂಡರೆ ಬ್ಯಾಂಡಿಗೆ ಲಾಭ. ಆದರೆ ಕ್ಯಾಸೆಟ್ ಮುಗಿದುಹೋಗುವ ಹಾಗಿದ್ದರೆ ಕಾಯಬೇಡಿ. ಏಳಿಂಚಿನ ಒಂದೇ ರೆಕಾರ್ಡನ್ನು ಬೇರೆ ಖಂಡದಿಂದ ತರಿಸಿದರೆ ಅಂಚೆ ವೆಚ್ಚವೇ ರೆಕಾರ್ಡಿಗಿಂತ ಜಾಸ್ತಿ ಆಗಬಹುದು. ಸಣ್ಣ ಲೇಬಲ್‌ಗಳು ತಮ್ಮ ತಮ್ಮಲ್ಲೇ ರೆಕಾರ್ಡ್ ಅದಲು ಬದಲು ಮಾಡಿಕೊಳ್ಳುತ್ತವೆ, ಹಾಗಾಗಿ ಆಸ್ಟ್ರೇಲಿಯಾದ ರೆಕಾರ್ಡ್ ನಿಮಗೆ ಹತ್ತಿರದ ಯಾವುದೋ ಡಿಸ್ಟ್ರೋದಲ್ಲಿ (ಬೇರೆಯವರ ರೆಕಾರ್ಡನ್ನೂ ಮಾರುವ ಸಣ್ಣ ಮಾರಾಟಗಾರರಲ್ಲಿ) ಇರಬಹುದು. ಮೊದಲು ಅಲ್ಲಿ ನೋಡಿ, ಸಿಕ್ಕರೆ ನಾಲ್ಕೈದು ಸೇರಿಸಿ ಒಂದೇ ಪಾರ್ಸಲ್ ಮಾಡಿಸಿ.

ಕೊಂಡ ದಿನವೇ ಫೈಲುಗಳನ್ನು ಇಳಿಸಿಕೊಳ್ಳಿ. ಫ್ಲ್ಯಾಕ್ (ಸದ್ದಿನ ಗುಣ ಕಳೆಯದ ಫೈಲ್) ತೆಗೆದುಕೊಂಡರೆ ಒಳ್ಳೆಯದು, ಟೇಪಿನ ಹಿಸ್ ಸದ್ದು ಕೂಡ ಇದ್ದ ಹಾಗೇ ಉಳಿಯುತ್ತದೆ, ಮುಂದೆ ಎಂಪಿ3 ಬೇಕಾದರೆ ಅದರಿಂದಲೇ ಮಾಡಿಕೊಳ್ಳಬಹುದು. ಬ್ಯಾಂಡುಗಳು ಪುಟವನ್ನೇ ಅಳಿಸಿಬಿಡುವುದು ಇಲ್ಲಿ ಮಾಮೂಲು. ಫೋಲ್ಡರಿಗೆ ಬ್ಯಾಂಡು, ಲೇಬಲ್, ವರ್ಷ ಮೂರನ್ನೂ ಹೆಸರಾಗಿ ಕೊಡಿ, ಪುಟದ ತಳದಲ್ಲಿದ್ದ ಹೆಸರುಗಳನ್ನು ಒಂದು ಟೆಕ್ಸ್ಟ್ ಫೈಲಿಗೆ ಹಾಕಿ ಅದರೊಳಗೇ ಇಡಿ. ಮುಂದಿನ ಬ್ಯಾಂಡನ್ನು ಹುಡುಕಲು ನಿಮಗೆ ಬೇಕಾಗುವುದು ಆ ಪಟ್ಟಿಯೇ.