ಆಂಟಿಬಾಡಿ ಗಂಟು ಕಟ್ಟಿದ್ಯಾ? ಮಾಸ್ ಸ್ಪೆಕ್‌ನಲ್ಲಿ ನೋಡೋದು ಹೇಗೆ

ಮಡಿಕೇರಿ, ಪೊನ್ನಂಪೇಟೆ ಕಡೆಯಿಂದ ಬಯೋಟೆಕ್ ಓದ್ತಾ ಆಂಟಿಬಾಡಿ ಔಷಧದ ಮೇಲೆ ಪ್ರಾಜೆಕ್ಟ್ ಮಾಡ್ತಿರೋರಿಗೆ ಇದು. ಅಗ್ರಿಗೇಶನ್ ಅಂದ್ರೆ ಅಣುಗಳು ಬಿಸಿ ಕಡಂಬುಟ್ಟು (ಅಕ್ಕಿ ಉಂಡೆ) ಥರ ಒಂದಕ್ಕೊಂದು ಅಂಟ್ಕೊಳ್ಳೋದು, ಅಂಥದ್ದು ರೋಗಿ ಮೈಗೆ ಹೋದ್ರೆ ದೇಹ ಆ ಔಷಧದ ವಿರುದ್ಧನೇ ತಿರುಗಿ ಬೀಳೋ ಚಾನ್ಸ್ ಜಾಸ್ತಿ.

ಮೊದಲ ತಲೆನೋವು ಸ್ಯಾಂಪಲ್ ಕಳ್ಸೋದು. ಮಾಸ್ ಸ್ಪೆಕ್, ಅಂದ್ರೆ ಅಣುಗಳ ತೂಕ ಅಳೆಯೋ ಮಷೀನ್, ಇರೋದು ಮೈಸೂರಲ್ಲೋ ಬೆಂಗಳೂರಲ್ಲೋ, ಅಲ್ಲಿವರೆಗೂ 2ರಿಂದ 8 ಡಿಗ್ರಿ ಇರ್ಬೇಕು, ಆದ್ರೆ ಐಸ್ ಪ್ಯಾಕ್ ವಯಲ್‌ಗೆ (ಸ್ಯಾಂಪಲ್ ಇರೋ ಸಣ್ಣ ಬಾಟ್ಲಿಗೆ) ನೇರ ತಾಗಿ ಹೆಪ್ಪುಗಟ್ಟಿದ್ರೆ ಅದ್ರಿಂದಲೇ ಗಂಟು ಆಗ್ಬಹುದು, ಮಧ್ಯೆ ದಪ್ಪ ರಟ್ಟು ಇಡಿ. ವಯಲ್ ಅರ್ಧ ಖಾಲಿ ಇದ್ರೆ ಕುಲುಕಾಟಕ್ಕೆ ಗಾಳಿ-ನೀರು ಸೇರೋ ಜಾಗದಲ್ಲಿ ಪ್ರೋಟೀನ್ ಹಾಳಾಗುತ್ತೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಫ್ರಿಜ್ ಆಫ್ ಆಗಿದ್ರೆ ಬರ್ದಿಟ್ಕೊಳ್ಳಿ. ಸ್ಟ್ರೆಸ್ ಕೊಡದೇ (ಬೇಕಂತಲೇ ಬಿಸಿ ಮಾಡದೇ) ಇರೋ, ಹೋಲಿಸಿ ನೋಡೋಕೆ ಇಟ್ಟ ಕಂಟ್ರೋಲ್ ವಯಲ್ಲೂ ಅದೇ ಡಬ್ಬಿಲೇ ಹೋಗ್ಲಿ, ಇಲ್ಲಾಂದ್ರೆ ಡೈಮರ್ (ಎರಡು ಅಣು ಅಂಟ್ಕೊಂಡ ಜೋಡಿ) ಕಂಡಾಗ ಅದು ನೀವು ಕೊಟ್ಟ 40 ಡಿಗ್ರಿ ಬಿಸಿಯಿಂದ ಬಂತಾ ಹುಣಸೂರು ರೋಡಿಂದ ಬಂತಾ ಅಂತ ಯಾರಿಗೂ ಗೊತ್ತಾಗಲ್ಲ.

ಆಮೇಲೆ ಬಫರ್, ಅಂದ್ರೆ ಪ್ರೋಟೀನ್ ಕರಗಿರೋ ದ್ರಾವಣ. ಔಷಧದಲ್ಲಿರೋ ಉಪ್ಪು, ಸಕ್ಕರೆ ಎಲ್ಲಾ ತೆಗೆದು 100-200 ಮಿಲಿಮೋಲಾರ್ ಅಮೋನಿಯಂ ಅಸಿಟೇಟ್‌ಗೆ (ಮಷೀನ್‌ನಲ್ಲಿ ಆವಿಯಾಗಿ ಹೋಗೋ ಉಪ್ಪು) ಬದಲಾಯಿಸಿ. ಪಾಲಿಸಾರ್ಬೇಟ್ (ಔಷಧಕ್ಕೆ ಸೇರಿಸೋ ಸೋಪಿನಂಥ ವಸ್ತು) ಇದ್ರೆ ಅದು ಸುಲಭಕ್ಕೆ ಬಿಟ್ಟು ಹೋಗಲ್ಲ, ಸಿಗ್ನಲ್ ಕೆಡಿಸುತ್ತೆ. ಬಫರ್ ಬದಲಾಯಿಸೋ ಫಿಲ್ಟರ್‌ಗೇ ಗಂಟುಗಳು ಅಂಟ್ಕೊಂಡು ಕಳೆದು ಹೋಗ್ತವೆ, ಅದಕ್ಕೆ ಮುಂಚೆ-ಆಮೇಲೆ ಪ್ರೋಟೀನ್ ಎಷ್ಟಿದೆ ಅಂತ ಅಳೀರಿ.

ಈಗ ನೇಟಿವ್ ಮಾಸ್ ಸ್ಪೆಕ್, ಅಂದ್ರೆ ಪ್ರೋಟೀನ್‌ನ ಬಿಚ್ಚದೆ ಇದ್ದ ಹಾಗೇ ತೂಗೋದು. ಇಲ್ಲೇ ಜಾಸ್ತಿ ಜನ ಮೋಸ ಹೋಗೋದು. ಐಜಿಜಿ (ಔಷಧಗಳಲ್ಲಿ ಸಾಮಾನ್ಯವಾಗಿರೋ ಆಂಟಿಬಾಡಿ ಬಗೆ) ಒಂದು ಸುಮಾರು 1,48,000 ಡಾಲ್ಟನ್ (ಅಣು ತೂಕದ ಅಳತೆ), 25 ಚಾರ್ಜ್ ಹಿಡಿದ್ರೆ ಎಂ/ಝಡ್ (ತೂಕವನ್ನ ಚಾರ್ಜ್‌ನಿಂದ ಭಾಗಿಸಿದ್ದು) 5,900 ಹತ್ರ ಬರುತ್ತೆ. ಡೈಮರ್ 2,96,000, ಅದು ಸುಮಾರು 8,000ದ ಮೇಲೆ ಕಾಣುತ್ತೆ, ಹಾಗಾಗಿ ಅಷ್ಟು ಮೇಲಿನ ರೇಂಜ್ ಇದ್ಯಾ ಅಂತ ಲ್ಯಾಬಲ್ಲಿ ಮೊದಲೇ ಕೇಳಿ. ಡೈಮರ್‌ದು 36 ಚಾರ್ಜ್ ಪೀಕ್, ಮಾನೋಮರ್‌ದು (ಒಂಟಿ ಅಣುದು) 18 ಚಾರ್ಜ್ ಪೀಕ್ ಎರಡೂ ಒಂದೇ ಜಾಗ, 8,223ರ ಆಸುಪಾಸು, ಅದ್ನ ನೋಡಿ ಖುಷಿ ಪಡ್ಬೇಡಿ, 35ರದ್ದು 8,458ರ ಹತ್ರ ಇದ್ಯಾ ಅಂತ ಹುಡುಕಿ, ಬೆಸ ಚಾರ್ಜ್‌ಗಳೇ ಗಟ್ಟಿ ಸಾಕ್ಷಿ.

ಸಿಕ್ರೂ ಮುಗೀಲಿಲ್ಲ. ಸ್ಪ್ರೇ ಹನಿ ಒಣಗೋವಾಗ ಒಂದೇ ಹನಿಯಲ್ಲಿರೋ ಎರಡು ಅಣು ಸುಮ್ನೆ ಅಂಟ್ಕೊಂಡು ಸುಳ್ಳು ಡೈಮರ್ ಆಗ್ತವೆ. ಕೆಲವು ಮೈಕ್ರೋಮೋಲಾರ್‌ನಿಂದ ಶುರು ಮಾಡಿ ಇನ್ನೂ ತೆಳು ಮಾಡ್ತಾ ಹೋಗಿ, ಡೈಮರ್ ಪಾಲು ಇಳೀತಾ ಹೋದ್ರೆ ಅನುಮಾನ ಪಡಿ. ಕಷ್ಟ ಏನಂದ್ರೆ ನಿಜವಾದ, ಆದ್ರೆ ಸಡಿಲ ಬಂಧದ ಡೈಮರ್ ಕೂಡ ತೆಳು ಮಾಡಿದ್ರೆ ಬಿಟ್ಕೊಳ್ಳುತ್ತೆ. ಅದಕ್ಕೇ ನನ್ನ ಪ್ರಕಾರ ಎಸ್‌ಇಸಿ ಕಾಲಮ್‌ನಲ್ಲಿ (ಅಣುಗಳನ್ನ ಗಾತ್ರದ ಮೇಲೆ ಬೇರ್ಪಡಿಸೋ ಕೊಳವೆ) ಮೊದಲು ಬೇರೆ ಮಾಡಿ ಆಮೇಲೆ ಮಾಸ್‌ಗೆ ಬಿಡೋದೇ ವಾಸಿ. ಎಷ್ಟು ಪರ್ಸೆಂಟ್ ಅನ್ನೋದನ್ನ 280 ನ್ಯಾನೋಮೀಟರ್ ಯುವಿಯಿಂದ ತಗೊಳ್ಳಿ, ಮಾಸ್ ಸಿಗ್ನಲ್‌ನಿಂದ ಬೇಡ, ದೊಡ್ಡ ಅಣು ಅಷ್ಟೇ ಚೆನ್ನಾಗಿ ಅಯಾನ್ ಆಗಲ್ಲ.

ಬಂಧ ಎಂಥದ್ದು ಅಂತ ತಿಳಿಯೋದು ಸುಲಭ. ಫಾರ್ಮಿಕ್ ಆಸಿಡ್, ಅಸಿಟೋನೈಟ್ರೈಲ್ ಹಾಕಿ ಬಿಚ್ಚಿ: ಡೈಮರ್ ಉಳೀತಾ, ಕೋವೇಲೆಂಟ್ (ಗಟ್ಟಿ ರಾಸಾಯನಿಕ ಬಂಧ). ಡೈಸಲ್ಫೈಡ್ (ಗಂಧಕ-ಗಂಧಕ ಬಂಧ) ಒಡೆಯೋ ಡಿಟಿಟಿ ಕೊಟ್ಟಾಗ ಆಂಟಿಬಾಡಿಯೇ ಬಿಡಿ ಸರಪಣಿಗಳಾಗುತ್ತೆ; ಆಗ ಅಂಟ್ಕೊಂಡ ಸರಪಣಿ ಜೋಡಿ ಯಾವುದೂ ಉಳೀಲಿಲ್ವಾ, ಡೈಮರ್ ಹಿಡಿದಿದ್ದು ಡೈಸಲ್ಫೈಡ್. ಆಮೇಲೆ ಟ್ರಿಪ್ಸಿನ್‌ನಲ್ಲಿ (ಪ್ರೋಟೀನ್ ಕತ್ತರಿಸೋ ಎಂಜೈಮ್) ತುಂಡು ಮಾಡಿ ಪೆಪ್ಟೈಡ್ (ಆ ಸಣ್ಣ ತುಂಡುಗಳು) ನೋಡಿದ್ರೆ, ಮೆಥಿಯೋನಿನ್ ಅನ್ನೋ ಅಮೈನೋ ಆಸಿಡ್‌ಗೆ ಆಕ್ಸಿಜನ್ ಸೇರಿದ್ರೆ (ಆಕ್ಸಿಡೇಶನ್) 16 ಡಾಲ್ಟನ್ ಜಾಸ್ತಿ ಕಾಣುತ್ತೆ. ಬರಿಗಣ್ಣಿಗೆ ಕಾಣೋ ಬಿಳಿ ಕಣಗಳಿಗೆ ಮಾತ್ರ ಈ ಮಷೀನ್ ಬೇಡ, ನೇರ ಮೈಕ್ರೋಸ್ಕೋಪ್ ಇರೋ ಕಡೆಗೆ ಕಳ್ಸಿ.