ಅಪಾಚೆಯ ಪ್ರಾಕ್ಸಿ ಮಾಡ್ಯೂಲ್: ತೆಗೆಯಬೇಕೆ, ಬಿಡಬೇಕೆ?

ಅಪಾಚೆ ವೆಬ್ ಸರ್ವರ್ ತನಗೆ ಬಂದ ಕೋರಿಕೆಯನ್ನು ಬೇರೆ ಸರ್ವರಿಗೋ ಆ್ಯಪ್‌ಗೋ ದಾಟಿಸಲು ಬಳಸುವ ಮಾಡ್ಯೂಲ್ (ಸೇರಿಸಿ ತೆಗೆಯಬಹುದಾದ ಭಾಗ) ಮಾಡ್_ಪ್ರಾಕ್ಸಿ. ಸೆಕ್ಯುರಿಟಿ ರಿಪೋರ್ಟಿನಲ್ಲಿ ಅದರ ಹೆಸರು ಕಂಡ ಕೂಡಲೇ ಅದನ್ನು ಕಿತ್ತುಹಾಕಲು ಹೋಗಬೇಡಿ. ಮಾಡ್ಯೂಲ್ ಲೋಡ್ ಆಗಿದ್ದ ಮಾತ್ರಕ್ಕೆ ಅಪಾಯವಿಲ್ಲ. ಅಪಾಚೆಯ ಸೆಟ್ಟಿಂಗಿನಲ್ಲಿ 'ಪ್ರಾಕ್ಸಿರಿಕ್ವೆಸ್ಟ್ಸ್ ಆನ್' ಇದ್ದು, ಯಾರು ಬಳಸಬಹುದೆಂಬ ನಿರ್ಬಂಧ ಇಲ್ಲದಿದ್ದರೆ ಮಾತ್ರ ಕಂಡವರೆಲ್ಲ ನಿಮ್ಮ ಐಪಿಯ ಮರೆಯಲ್ಲಿ ಬೇರೆ ಸೈಟುಗಳಿಗೆ ಹೋಗಿಬರುತ್ತಾರೆ. ಡೀಫಾಲ್ಟ್ ಆಗಿ ಅದು ಆಫ್ ಇರುತ್ತದೆ. ಹೊರಗಿಂದ ಬಂದ ಕೋರಿಕೆಯನ್ನು ಒಳಗಿನ ಆ್ಯಪ್‌ಗೆ ದಾಟಿಸುವ ಪ್ರಾಕ್ಸಿಪಾಸ್ ಸಾಲಿನ ಕೆಲಸಕ್ಕೆ ಅದು ಆನ್ ಇರಬೇಕಿಲ್ಲ.

ಪರೀಕ್ಷೆಯನ್ನು ಹೊರಗಿನ ನೆಟ್‌ವರ್ಕಿನಿಂದ, ಮೊಬೈಲ್ ಹಾಟ್‌ಸ್ಪಾಟ್ ಆದರೂ ಸರಿ, ಮಾಡಿ. ಟರ್ಮಿನಲ್‌ನಿಂದ ವೆಬ್ ಪುಟ ತರಿಸುವ ಕರ್ಲ್ ಕಮಾಂಡಿಗೆ ಚಿಕ್ಕಕ್ಷರದ -ಎಕ್ಸ್ ಕೊಟ್ಟು ನಿಮ್ಮ ಸರ್ವರನ್ನೇ ಪ್ರಾಕ್ಸಿಯಾಗಿ ತೋರಿಸಿ, ಬೇರೆ ಸೈಟನ್ನು ಕೇಳಿ. 200 (ಯಶಸ್ವಿ ಎಂಬ ಉತ್ತರ) ಬಂದರೆ ಗಾಬರಿ ಬೇಡ, ಬಂದ ಪುಟ ಯಾರದ್ದು ನೋಡಿ. ನಿಮ್ಮದೇ ಮುಖಪುಟ ಬಂದಿದ್ದರೆ ಪ್ರಾಕ್ಸಿ ತೆರೆದಿಲ್ಲ.

ಇನ್ನು, ಈ ಮಾಡ್ಯೂಲನ್ನು ಯಾರು ನೆಚ್ಚಿಕೊಂಡಿದ್ದಾರೆ ಎಂದು ಹುಡುಕಿ. ಮೈಸೂರಿನ ಲಾಡ್ಜೊಂದರ ಬುಕಿಂಗ್ ಆ್ಯಪ್ 3000ನೇ ಪೋರ್ಟಿನಲ್ಲಿ ಓಡುತ್ತಾ, ಹೊರಗೆ ಅಪಾಚೆ ಬಾಗಿಲು ಕಾಯುತ್ತಿದ್ದರೆ, ಮಾಡ್ಯೂಲ್ ಇಲ್ಲದೆ ಬುಕಿಂಗೇ ಇಲ್ಲ. ಉಬುಂಟು ಲಿನಕ್ಸಿನಲ್ಲಿ ಅಪಾಚೆಯ ಸೈಟ್ಸ್-ಎನೇಬಲ್ಡ್, ಕಾನ್ಫ್-ಎನೇಬಲ್ಡ್ ಫೋಲ್ಡರುಗಳಲ್ಲಿ 'ಪ್ರಾಕ್ಸಿ' ಪದವನ್ನು ಗ್ರೆಪ್ ಕಮಾಂಡಿನಿಂದ ಹುಡುಕಿ. ದೊಡ್ಡಕ್ಷರದ -ಆರ್ ಬಳಸಿ. ಅಲ್ಲಿರುವುದು ಸಿಮ್‌ಲಿಂಕ್‌ಗಳು (ಬೇರೆಡೆಯ ಫೈಲನ್ನು ತೋರಿಸುವ ಕೊಂಡಿಗಳು), ಚಿಕ್ಕಕ್ಷರದ -ಆರ್ ಅವನ್ನು ಹಿಂಬಾಲಿಸುವುದಿಲ್ಲ. ವಿಳಾಸ ಬದಲಿಸುವ ರಿರೈಟ್‌ರೂಲ್ ಸಾಲಿನ, ಪ್ರಾಕ್ಸಿ ಮಾಡಿಸುವ ಪಿ ಫ್ಲ್ಯಾಗಿನಲ್ಲಿ ಆ ಪದವೇ ಇರದ ಕಾರಣ ಅದನ್ನು ಬೇರೆಯಾಗಿ ಹುಡುಕಿ, ಆಯಾ ಫೋಲ್ಡರಿನ ಸೆಟ್ಟಿಂಗ್ ಇರುವ .ಎಚ್‌ಟಿಆ್ಯಕ್ಸೆಸ್ ಫೈಲುಗಳನ್ನೂ ಬಿಡಬೇಡಿ. ಅಂಥ ಸಾಲು ಕಣ್ತಪ್ಪಿ ಮಾಡ್ಯೂಲ್ ತೆಗೆದರೆ ಆ ಪುಟಗಳಿಗೆ 403 (ಪ್ರವೇಶವಿಲ್ಲ) ಬರುತ್ತದೆ.

ಹೆಚ್ಚು ಜನ ಎಡವುವುದು ಪಿಎಚ್‌ಪಿಯಲ್ಲಿ. ಪಿಎಚ್‌ಪಿ ಕೋಡನ್ನು ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಎಂಬ ಪ್ರತ್ಯೇಕ ಸೇವೆ ಅಪಾಚೆಯೊಡನೆ ಮಾತಾಡುವುದು ಮಾಡ್_ಪ್ರಾಕ್ಸಿಯ ಉಪಮಾಡ್ಯೂಲ್ ಆದ ಪ್ರಾಕ್ಸಿ_ಎಫ್‌ಸಿಜಿಐ ಮೂಲಕ. ಉಬುಂಟು ಕೊಡುವ ಕಾನ್ಫ್ ಫೈಲಿನಲ್ಲಿ ಇದರ ಸಾಲುಗಳು 'ಮಾಡ್ಯೂಲ್ ಇದ್ದರೆ ಮಾತ್ರ' ಎನ್ನುವ ಇಫ್‌ಮಾಡ್ಯೂಲ್ ಒಳಗಿವೆ. ಮಾಡ್ಯೂಲ್ ಹೋದರೆ ಅಪಾಚೆ ಅವನ್ನು ಸದ್ದಿಲ್ಲದೆ ದಾಟಿಹೋಗುತ್ತದೆ, ಸೆಟ್ಟಿಂಗಿನ ತಪ್ಪು ಹುಡುಕುವ ಕಾನ್ಫಿಗ್‌ಟೆಸ್ಟ್ ಕಮಾಂಡ್ 'ಸಿಂಟ್ಯಾಕ್ಸ್ ಓಕೆ' ಎನ್ನುತ್ತದೆ. ಅಪಾಚೆಯೊಳಗೇ ಪಿಎಚ್‌ಪಿ ಓಡಿಸುವ ಮಾಡ್_ಪಿಎಚ್‌ಪಿ ಕೂಡ ಇಲ್ಲದಿದ್ದರೆ ಡೇಟಾಬೇಸ್ ಪಾಸ್‌ವರ್ಡ್ ಬರೆದಿಟ್ಟ ಪಿಎಚ್‌ಪಿ ಫೈಲನ್ನು ಯಾರಾದರೂ ಕೇಳಿದಾಗ ಅದರ ಮೂಲ ಕೋಡೇ ಹೊರಗೆ ಹೋಗುತ್ತದೆ. ಭದ್ರತೆಗೆಂದು ಮಾಡಿದ ಕೆಲಸದಿಂದಲೇ ಗುಟ್ಟು ರಟ್ಟು! ಇಫ್‌ಮಾಡ್ಯೂಲ್ ಹೊರಗಿನ ಪ್ರಾಕ್ಸಿಪಾಸ್ ಸಾಲು ಇದಕ್ಕಿಂತ ಮೇಲು: ಕಾನ್ಫಿಗ್‌ಟೆಸ್ಟ್ 'ಇನ್‌ವ್ಯಾಲಿಡ್ ಕಮಾಂಡ್' ಎಂದು ಅಲ್ಲೇ ತಡೆಯುತ್ತದೆ.

ಯಾರಿಗೂ ಬೇಡವೆಂದು ಖಚಿತವಾದರೆ ತೆಗೆಯಿರಿ. ಮಾಡ್ಯೂಲ್ ತೆಗೆಯುವ ಕಮಾಂಡಿನಲ್ಲಿ 'ಎ2ಡಿಸ್‌ಮಾಡ್ ಪ್ರಾಕ್ಸಿ' ಎಂದಾಗ, ಅದನ್ನು ಅವಲಂಬಿಸಿದ ಮಾಡ್ಯೂಲುಗಳನ್ನು ಮೊದಲು ತೆಗೆಯಿರಿ ಎಂದು ಪಟ್ಟಿ ಬರಬಹುದು. ಅಲ್ಲಿ ಬಲವಂತವಾಗಿ ತೆಗೆಸುವ -ಎಫ್ ಕೊಡಬೇಡಿ, ಆ ಪಟ್ಟಿಯನ್ನು ಒಂದೊಂದಾಗಿ ಓದಿ. ಕಾನ್ಫಿಗ್‌ಟೆಸ್ಟ್, ರೀಸ್ಟಾರ್ಟ್, ಆಮೇಲೆ ಪ್ರತಿ ಸೈಟಿನ ಒಂದು ಪಿಎಚ್‌ಪಿ ಪುಟವನ್ನು ಕರ್ಲ್‌ನಲ್ಲಿ ತೆರೆದು, ಉತ್ತರ '<?ಪಿಎಚ್‌ಪಿ' ಎಂದು ಶುರುವಾಗಿಲ್ಲ ಎಂಬುದನ್ನು ನೋಡಿ. ಲಾಡ್ಜಿನ ಸರ್ವರಾದರೆ ದಸರಾ ಬುಕಿಂಗ್ ನಡೆಯುವ ವಾರಗಳಲ್ಲಿ ಇದಕ್ಕೆ ಕೈಹಾಕಬೇಡಿ.

ಉಳಿಸಿಕೊಳ್ಳುವುದಾದರೆ ಬೇಡದ ಉಪಮಾಡ್ಯೂಲ್‌ಗಳನ್ನಾದರೂ ತೆಗೆಯಿರಿ, ಮುಖ್ಯವಾಗಿ ಬೇರೆ ಸರ್ವರಿಗೆ ಸುರಂಗ ತೆರೆಯುವ ಪ್ರಾಕ್ಸಿ_ಕನೆಕ್ಟ್. ಅಪ್‌ಡೇಟ್ ಹಾಕಿ: ಅಪಾಚೆ 2.4.48ರವರೆಗಿನ ಮಾಡ್_ಪ್ರಾಕ್ಸಿಯಲ್ಲಿ ಹೊರಗಿನವರು ತಮಗೆ ಬೇಕಾದ ಸರ್ವರಿಗೆ ರಿಕ್ವೆಸ್ಟ್ ತಿರುಗಿಸಬಹುದಾದ ದೋಷವಿತ್ತು, 2021ರಲ್ಲಿ ಸರಿಪಡಿಸಿದರು. ಉಬುಂಟು ಆವೃತ್ತಿ ಸಂಖ್ಯೆ ಬದಲಿಸದೆಯೇ ತೇಪೆ ಹಾಕುವುದರಿಂದ ಸಂಖ್ಯೆಯನ್ನಲ್ಲ, ಪ್ಯಾಕೇಜಿನ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ನೋಡಿ.