ಕತ್ತರಿಸಿದ ಪುಟದ ಅಂಚು: ಒಂದು ಕಾದಂಬರಿಯನ್ನು ಸರ್ಕಾರಗಳ ಪಕ್ಕದಲ್ಲಿಟ್ಟು ಕಲಿಸಿದ ನನ್ನ ಅನುಭವ

ಕೊಪ್ಪಳ ಜಿಲ್ಲೆಯ ಕುಷ್ಟಗಿ ಭಾಗದ ಒಂದು ಪದವಿ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಸರ್ಕಾರದ ಬಗೆಗಳ ಪಾಠ ಬಂದಾಗ ವಿದ್ಯಾರ್ಥಿಗಳು ವ್ಯಾಖ್ಯಾನಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದುಬಿಡುತ್ತಾರೆಯೇ ಹೊರತು, ಒಂದೊಂದು ಬಗೆಯ ಆಡಳಿತದ ಕೆಳಗೆ ಒಬ್ಬ ಸಾಮಾನ್ಯ ಮನುಷ್ಯನ ಒಂದು ದಿನ ಹೇಗೆ ಕಳೆಯುತ್ತದೆ ಎಂಬುದು ಅವರ ಕಣ್ಣಿಗೆ ಕಟ್ಟುವುದಿಲ್ಲ. ಅದಕ್ಕಾಗಿ, ಪ್ರಜೆಗಳ ಯೋಚನೆಯನ್ನೂ ಹಿಡಿತದಲ್ಲಿಟ್ಟುಕೊಳ್ಳುವ ಒಂದು ಆಡಳಿತವನ್ನು ಚಿತ್ರಿಸುವ ಜಾರ್ಜ್ ಆರ್ವೆಲ್ ಅವರ ‘1984’ ಕಾದಂಬರಿಯನ್ನು ತರಗತಿಗೆ ತಂದೆ. 1949ರಲ್ಲಿ ಪ್ರಕಟವಾದ ಈ ಕೃತಿಯ ಲೇಖಕರು ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ. ಬರ್ಮಾದಲ್ಲಿ ಐದು ವರ್ಷ ಬ್ರಿಟಿಷ್ ಪೊಲೀಸ್ ಅಧಿಕಾರಿಯಾಗಿದ್ದವರು. ಇಂಗ್ಲಿಷ್ ಮೂಲವನ್ನು ಓದಿ ಅರಗಿಸಿಕೊಳ್ಳುವುದು ನಮ್ಮ ಹೆಚ್ಚಿನ ಮಕ್ಕಳಿಗೆ ಕಷ್ಟವಾದ್ದರಿಂದ, ಶನಿವಾರ ತರಗತಿಗಳು ಮುಗಿದ ಮೇಲೆ ಒಂದೊಂದು ಅಧ್ಯಾಯವನ್ನು ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ.

ಮೊದಲ ವರ್ಷ ನಾನು ಹಿಡಿದ ದಾರಿಯೇ ತಪ್ಪಾಗಿತ್ತು. ಕಪ್ಪುಹಲಗೆಯ ಎಡಕ್ಕೆ ಕಾದಂಬರಿಯಲ್ಲಿ ಬರುವ ಸಂಗತಿಗಳನ್ನು, ಬಲಕ್ಕೆ ದೇಶಗಳ ಹೆಸರುಗಳನ್ನು ಬರೆದು, ಎಲ್ಲಿ ಹೋಲಿಕೆ ಕಾಣುತ್ತದೆಯೋ ಅಲ್ಲಿ ಗುರುತು ಹಾಕಿರೆಂದು ಹೇಳಿದ್ದೆ. ಅರ್ಧ ಗಂಟೆಯೊಳಗೆ ಎಲ್ಲ ದೇಶಗಳ ಮುಂದೆಯೂ ಗುರುತು ಬಿದ್ದಿತು. ಕ್ಯಾಮೆರಾ ಎಲ್ಲ ಕಡೆ ಇದೆ, ಪ್ರಚಾರ ಎಲ್ಲ ಕಡೆ ಇದೆ, ನಾಯಕರ ದೊಡ್ಡ ಭಾವಚಿತ್ರಗಳು ಎಲ್ಲ ಕಡೆ ಇವೆ. ನಂತರ ಚರ್ಚೆ ನಮ್ಮ ಪಕ್ಷ, ನಿಮ್ಮ ಪಕ್ಷ ಎಂಬಲ್ಲಿಗೆ ತಿರುಗಿ, ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಇಬ್ಬರು ಗೆಳೆಯರು ಒಂದು ವಾರ ಮಾತು ಬಿಟ್ಟರು. ಎಲ್ಲವೂ ಎಲ್ಲದರಂತೆ ಕಾಣುವ ಹೋಲಿಕೆಯಿಂದ ಯಾರಿಗೂ ಏನೂ ತಿಳಿಯಲಿಲ್ಲ.

ಎರಡನೆಯ ವರ್ಷ ಪದದಿಂದಲೇ ಶುರು ಮಾಡಿದೆ. ನಾವು ಸಾಮಾನ್ಯವಾಗಿ ಬಳಸುವ ಮಾತು ‘ನಿರಂಕುಶ’, ಅಂದರೆ ಅಂಕುಶವಿಲ್ಲದ ಆನೆ. ತನ್ನನ್ನು ತಡೆಯುವವರಿಲ್ಲದ ದೊರೆಗೆ ಈ ಮಾತು ಸರಿಯಾಗಿ ಒಪ್ಪುತ್ತದೆ. ಆದರೆ ಅಂಥ ದೊರೆ ಕಂದಾಯ ವಸೂಲಿ ಮಾಡಿ, ಪ್ರಜೆಗಳ ತಲೆ ಬಾಗಿಸಿ ಸುಮ್ಮನಾಗುತ್ತಾನೆ. ಪ್ರಜೆ ಮನೆಯೊಳಗೆ ಏನು ಯೋಚಿಸುತ್ತಾನೆ ಎಂಬುದು ಅವನಿಗೆ ಬೇಕಿಲ್ಲ. ಆರ್ವೆಲ್ ಚಿತ್ರಿಸಿದ ಆಡಳಿತಕ್ಕೆ ಅದೇ ಬೇಕು. ಅದಕ್ಕೆ ನಮ್ಮ ತರಗತಿಯ ಮಟ್ಟಿಗೆ ‘ಸರ್ವಗ್ರಾಸಿ ಆಡಳಿತ’ ಎಂಬ ಹೆಸರಿಟ್ಟೆವು. ಖಗ್ರಾಸ ಗ್ರಹಣವನ್ನು ಬಲ್ಲ ಹಳ್ಳಿಯ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಈ ವ್ಯತ್ಯಾಸ ಗಟ್ಟಿಯಾದದ್ದು ಮಕ್ಕಳು ತಮ್ಮ ಮನೆಯ ಹಿರಿಯರನ್ನು ಕೇಳಿಕೊಂಡು ಬಂದಾಗ. ನಮ್ಮ ಸೀಮೆ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ನಿಜಾಮರ ಪರವಾದ ಸಶಸ್ತ್ರ ಪಡೆಯಾಗಿದ್ದ ರಜಾಕಾರರ ಹಾವಳಿಯ ಕಥೆಗಳು ಇನ್ನೂ ಮನೆಮನೆಗಳಲ್ಲಿವೆ. ಎತ್ತಿನ ಗಾಡಿ ಕಟ್ಟಿಕೊಂಡು ರಾತ್ರೋರಾತ್ರಿ ಗಜೇಂದ್ರಗಡದ ಕಡೆಗೆ ಹೋದವರ ಸಂಗತಿಯನ್ನು ಒಬ್ಬ ಹುಡುಗ ಬರೆದುಕೊಂಡು ಬಂದಿದ್ದ. ಗಜೇಂದ್ರಗಡ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು; ಗಡಿ ದಾಟಿದರೆ ಉಸಿರಾಡಬಹುದಿತ್ತು. ಅಲ್ಲಿ ಮತ್ತು ಮುಂಡರಗಿಯಲ್ಲಿ ಹೋರಾಟದ ಶಿಬಿರಗಳೇ ಇದ್ದವು. ಆ ಆಡಳಿತ ಕ್ರೂರವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾದಂಬರಿಯ ನಾಯಕ ವಿನ್‌ಸ್ಟನ್ ಸ್ಮಿತ್‌ಗೆ ದಾಟಿಹೋಗಲು ಗಡಿಯೇ ಇಲ್ಲ.

ಆಮೇಲೆ ಪ್ರತಿಯೊಬ್ಬರಿಗೂ ಕಾದಂಬರಿಯ ಒಂದೊಂದು ಸಾಧನವನ್ನು ಹಂಚಿದೆ: ಮನೆಯೊಳಗಿನವರನ್ನು ಸದಾ ನೋಡುವ, ಆಲಿಸುವ ಗೋಡೆಯ ಟೆಲಿಸ್ಕ್ರೀನ್, ಪದಗಳನ್ನು ಕಡಿಮೆ ಮಾಡುತ್ತಾ ಹೋಗುವ ಹೊಸ ಭಾಷೆ, ಹಳೆಯ ಪತ್ರಿಕೆಗಳನ್ನು ತಿದ್ದುವ ಸತ್ಯ ಸಚಿವಾಲಯ. ನಿಜವಾದ ಯಾವುದೇ ಸರ್ಕಾರದಲ್ಲಿ ಅದರ ಜೋಡಿಯನ್ನು ಹುಡುಕಿದ ಮೇಲೆ, ಅದು ಯಾವ ಲಿಖಿತ ಆದೇಶದ ಮೇಲೆ ನಡೆಯಿತು, ಅದಕ್ಕೆ ಗುರಿಯಾದವನಿಗೆ ವಿಷಯ ತಿಳಿದಿತ್ತೇ, ಅದನ್ನು ರದ್ದುಮಾಡಿಸಲು ಎಲ್ಲಿಗೆ ಹೋಗಬಹುದಿತ್ತು, ಹೋದವರಲ್ಲಿ ಯಾರಾದರೂ ಗೆದ್ದರೇ ಎಂದು ಬರೆಯಬೇಕಿತ್ತು. ಈ ಕೊನೆಯ ಪ್ರಶ್ನೆಯೇ ತರಗತಿಯನ್ನು ಉಳಿಸಿತು.

ಸತ್ಯ ಸಚಿವಾಲಯದ ಭಾಗಕ್ಕೆ ನಾನು ಸೋವಿಯತ್ ಒಕ್ಕೂಟದ ಒಂದು ಘಟನೆಯನ್ನು ಆರಿಸಿದ್ದೆ. ರಹಸ್ಯ ಪೊಲೀಸ್ ಪಡೆಯ ಮುಖ್ಯಸ್ಥನಾಗಿದ್ದ ಬೇರಿಯಾನನ್ನು 1953ರಲ್ಲಿ ಬಂಧಿಸಿ ಗುಂಡಿಕ್ಕಿ ಕೊಂದ ಮೇಲೆ, ಮಹಾ ಸೋವಿಯತ್ ವಿಶ್ವಕೋಶದ ಚಂದಾದಾರರಿಗೆ ಒಂದು ಸೂಚನೆ ಹೋಯಿತು. ಐದನೆಯ ಸಂಪುಟದಲ್ಲಿ ಅವನ ಲೇಖನವಿರುವ ಪುಟಗಳನ್ನು ಕತ್ತರಿಯಿಂದಲೋ ಬ್ಲೇಡಿನಿಂದಲೋ ತೆಗೆದು, ಬೆನ್ನಿನ ಬಳಿ ಅಂಚು ಉಳಿಸಿಕೊಂಡು, ಕಳುಹಿಸಿದ ಹೊಸ ಪುಟಗಳನ್ನು ಅಲ್ಲಿಗೆ ಅಂಟಿಸಬೇಕು. ಹೊಸ ಪುಟಗಳಲ್ಲಿ ಬೇರಿಂಗ್ ಸಮುದ್ರದ ವಿವರಗಳಿದ್ದವು. ಇದನ್ನು ಬರಿಯ ಮಾತಿನಲ್ಲಿ ಹೇಳುವ ಬದಲು, ಹರಿದುಹೋಗಲಿದ್ದ ಒಂದು ಹಳೆಯ ವಾರ್ಷಿಕ ಸಂಚಿಕೆಯನ್ನು ಮೇಜಿನ ಮೇಲಿಟ್ಟು, ಬ್ಲೇಡಿನಿಂದ ಎರಡು ಹಾಳೆ ಕತ್ತರಿಸಿ, ಬಿಳಿ ಹಾಳೆಗಳನ್ನು ಗೋಂದಿನಿಂದ ಅಂಟಿಸಿ ತೋರಿಸಿದೆ. ಸಂಚಿಕೆ ಕೈಯಿಂದ ಕೈಗೆ ಹೋಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೊಲಿಗೆಯ ಬಳಿ ಬೆರಳಾಡಿಸಿ, “ಸರ್, ಕೊಯ್ದಿದ್ದು ಕೈಗೆ ಗೊತ್ತಾಗ್ತೈತ್ರಿ” ಎಂದಳು. ಕಾದಂಬರಿಯಲ್ಲಿ ಹಾಗೆ ಗೊತ್ತಾಗಲು ಎಡೆಯಿಲ್ಲ. ತಿದ್ದಿದ ಮೇಲೆ ಮೂಲ ಕಾಗದ ‘ನೆನಪಿನ ಕಿಂಡಿ’ಗೆ ಬಿದ್ದು ಬೂದಿಯಾಗುತ್ತದೆ. ನಿಜದ ಸರ್ಕಾರಗಳು ಅಷ್ಟು ಅಚ್ಚುಕಟ್ಟಾಗಿ ಕೆಲಸ ಮುಗಿಸಲಾರವು ಎಂಬುದು ನನ್ನ ಅಭಿಪ್ರಾಯ. ಪೂರ್ವ ಜರ್ಮನಿಯ ಗುಪ್ತ ಪೊಲೀಸರಾದ ಸ್ಟಾಸಿ ಬಿಟ್ಟುಹೋದ ಕಡತಗಳನ್ನು ಸಾಲಾಗಿ ಇಟ್ಟರೆ ಸುಮಾರು 111 ಕಿಲೋಮೀಟರ್ ಆಗುತ್ತವೆ, ಮತ್ತು 1992ರಿಂದ ಜನ ತಮ್ಮ ಮೇಲಿನ ಕಡತವನ್ನು ತಾವೇ ಓದತೊಡಗಿದರು.

ಉತ್ತರ ಕೊರಿಯಾದ ಪಾಠ ಬೇಗ ಮುಗಿಯಿತು. ಸರ್ಕಾರಿ ನಿಲಯವನ್ನು ಬಿಟ್ಟು ಬೇರೆ ಕಡೆ ತಿರುಗದಂತೆ ಮಾಡಿದ ರೇಡಿಯೊ, ನೆರೆಹೊರೆಯವರ ಮೇಲೆ ಕಣ್ಣಿಡುವ ವಠಾರದ ಗುಂಪುಗಳು. ನಾಲ್ಕನೆಯ ಪ್ರಶ್ನೆಗೆ ಅಲ್ಲಿ ಬರೆಯಲು ಏನೂ ಸಿಗಲಿಲ್ಲ. ಚೀನಾದ ಬಗ್ಗೆ ಹೆಚ್ಚು ಹೊತ್ತು ಬೇಕಾಯಿತು, ಏಕೆಂದರೆ ಅಲ್ಲಿ ವ್ಯಾಪಾರವಿದೆ, ಪ್ರವಾಸವಿದೆ, ಬಡತನ ಕರಗಿದೆ. ಆದರೆ 1989ರ ಜೂನ್ 4ರಂದು ಬೀಜಿಂಗ್ ನಗರದ ತಿಯನಾನ್‌ಮೆನ್ ಚೌಕದ ಸುತ್ತ ಪ್ರತಿಭಟನಾಕಾರರ ಮೇಲೆ ಸೇನೆ ಗುಂಡು ಹಾರಿಸಿದ್ದನ್ನು ಅಲ್ಲಿನ ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವುದಿಲ್ಲ.

ನಮ್ಮ ದೇಶವನ್ನು ಬಿಟ್ಟು ಮಾತಾಡುವುದು ಅಪ್ರಾಮಾಣಿಕತೆಯಾಗುತ್ತಿತ್ತು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂದಿತು. ಪತ್ರಿಕೆಗಳಿಗೆ ಮುಂಗಡ ಸೆನ್ಸಾರ್, ವಿಚಾರಣೆಯಿಲ್ಲದೆ ಸೆರೆಮನೆ. ಬಂಧಿತರು ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ತಮ್ಮ ಬಂಧನ ಕಾನೂನುಬದ್ಧವೇ ಎಂದು ಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ, ಹಾಕುವಂತಿಲ್ಲವೆಂದು 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು, ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಅಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆದರೆ ಅದೇ ಮಾರ್ಚಿನಲ್ಲಿ ಚುನಾವಣೆ ನಡೆದು ಸರ್ಕಾರ ಸೋತಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಹೇಳುವಾಗ, 1976ರ ತೀರ್ಪು ತಪ್ಪೆಂದೂ ಹೇಳಿದರು. ಹಾಗೆ ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ತಂದೆಯೇ ಅಂದಿನ ನಾಲ್ವರಲ್ಲಿ ಒಬ್ಬರಾಗಿದ್ದರು. ಇದನ್ನು ಕೇಳಿದಾಗ ತರಗತಿ ಸ್ವಲ್ಪ ಹೊತ್ತು ಮೌನವಾಗಿತ್ತು. ದಾರಿ ಇತ್ತು ನಿಜ, ಆದರೆ ಅದನ್ನು ನಡೆದು ಮುಗಿಸಲು 41 ವರ್ಷ ಬೇಕಾಯಿತು. ನಡುವೆ ಸತ್ತವರಿಗೆ ಅದರಿಂದ ಏನೂ ದಕ್ಕಲಿಲ್ಲ.

ಪಹಣಿಯ ಸಂಗತಿ ಬಂದದ್ದು ಇದರ ಮುಂದಿನ ಶನಿವಾರ. ಒಬ್ಬ ವಿದ್ಯಾರ್ಥಿಯ ಅಜ್ಜನ ಹೆಸರು ಕಂಪ್ಯೂಟರ್ ಪಹಣಿಯ ಒಂಬತ್ತನೆಯ ಕಾಲಂನಲ್ಲಿ ಬೇರೆಯಾಗಿ ಮುದ್ರಿತವಾಗಿ, ಬ್ಯಾಂಕಿನ ಸಾಲ ನಿಂತುಹೋಗಿತ್ತು. ಅವನು ಟ್ರಂಕಿನಲ್ಲಿದ್ದ ಕೈಬರಹದ ಪಹಣಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ. ನೀಲಿ ಶಾಯಿ ಮಾಸಿತ್ತು, ಮಡಿಕೆಯಲ್ಲಿ ಕಾಗದ ಸವೆದಿತ್ತು, ಆದರೆ ಹೆಸರು ಸರಿಯಾಗಿತ್ತು. ಇದು ಕೇವಲ ಕೈತಪ್ಪು, ಯಾರೂ ಬೇಕೆಂದು ಅಳಿಸಿದ್ದಲ್ಲ ಎಂದು ನಾನು ಹೇಳಿದೆ. “ಬೇಕಂತ ಮಾಡಿಲ್ಲ ಖರೆ ಸರ್, ಆದ್ರ ಈ ಕಾಗದ ಇರ್ಲಿಲ್ಲಂದ್ರ ನಮ್ಮಜ್ಜ ಏನು ತೋರಿಸ್ಬೇಕಿತ್ರಿ?” ಎಂದು ಅವನು ಕೇಳಿದ. ಜಮೀನಿನ ಹಕ್ಕು ಬದಲಾವಣೆಗಳನ್ನು ಬರೆದಿಡುವ ಮ್ಯುಟೇಷನ್ ರಿಜಿಸ್ಟರಿನ ನಕಲಿಗೆ ಅರ್ಜಿ ಬರೆಯುವುದು ಹೇಗೆಂದು ಅಂದು ಇಡೀ ತರಗತಿ ಕುಳಿತು ಕಲಿಯಿತು. ತಿದ್ದುಪಡಿಯಾಗಲು ಏಳು ತಿಂಗಳು ಹಿಡಿಯಿತು.

ಈ ವರ್ಷದ ತಂಡಕ್ಕೆ ಕಾದಂಬರಿ ಶುರು ಮಾಡುವ ಮೊದಲೇ ಒಂದು ಕೆಲಸ ಕೊಟ್ಟಿದ್ದೇನೆ: ತಾವು ಹುಟ್ಟುವ ಮೊದಲಿನ ಒಂದು ಕಾಗದವನ್ನು ಮನೆಯಲ್ಲಿ ಹುಡುಕಿ, ಅದರಲ್ಲಿ ಬರೆದಿರುವುದು ಇಂದಿನ ದಾಖಲೆಯಲ್ಲಿ ಹೇಗಿದೆ ಎಂದು ನೋಡಿಕೊಂಡು ಬರಬೇಕು. ಹದಿನೇಳು ಮಂದಿ ಈಗಾಗಲೇ ತಂದಿದ್ದಾರೆ.